ಹನಿ ನಿಲ್ಲಲಿಲ್ಲ

ಮಾರ್ಚ್ 3, ಸೋಮವಾರ

ಹದಿನಾರನೆಯ ಬ್ಯಾಚ್ ತಟ್ಟೆ ಅಲುಗಿಸುವ ಶೇಕರ್ ಮೇಲೆ ಕೂತಿತು. ಮೂರು ತಟ್ಟೆ, ಮೂರು ಮೆಂಬ್ರೇನ್ — ಎ, ಬಿ, ಸಿ. ಪುಡಿ ಕರಗಿಸಿದಾಗ ನೀರಿನಷ್ಟೇ ತಿಳಿ. ಹತ್ತು ನಿಮಿಷಕ್ಕೆ ನಸುಗೆಂಪು. ಊಟದ ಹೊತ್ತಿಗೆ ಚಹಾ. ನಾಳೆ ಬೆಳಿಗ್ಗೆ ಇದ್ದಿಲು. ಪುಡಿಯ ಹೆಸರು ಡೋಪಮಿನ್. ಮನುಷ್ಯರ ತಲೆಯೊಳಗೆ ಖುಷಿ ಹುಟ್ಟಿಸುವುದು ಇದೇ ವಸ್ತುವಂತೆ. ಇಲ್ಲಿ ಡಬ್ಬಿಗಟ್ಟಲೆ ಇದೆ. ನನ್ನ ಪಾಲಿಗೆ ಬಂದದ್ದು ಉಗುರಿನ ಸಂದಿಯ ಕಂದು ಕಲೆ.

ಹೊಸ ಡಬ್ಬಿ ಒಡೆದೆ. ನೂರು ಮೆಂಬ್ರೇನ್. ಅಂಗೈಗಿಂತ ಚಿಕ್ಕ ಬಿಳಿ ಬಿಲ್ಲೆಗಳು, ಒಂದಕ್ಕೊಂದು ಅಂಟದಿರಲೆಂದು ನಡುನಡುವೆ ಒಂದೊಂದು ಕಾಗದದ ಬಿಲ್ಲೆ. ಮೊದಲು ಆ ಕಾಗದ ನೀಲಿ ಇರುತ್ತಿತ್ತು. ಈಗ ಅದೂ ಬಿಳಿ. ಬಣ್ಣದಲ್ಲೂ ಉಳಿತಾಯ! ಮುಂದಿನ ಸಲ ಡಬ್ಬಿಯನ್ನೂ ಕೊಡದೆ ಬೊಗಸೆಗೆ ಸುರಿಯುತ್ತಾರೆ.

ನಿನ್ನೆ ಅತ್ತೆ ಕೇಳಿದರು, "ದಿನವೆಲ್ಲ ಅಲ್ಲಿ ಅದೇನು ಮಾಡ್ತೀಯಮ್ಮ?" ತಾಳ್ಮೆಯಿಂದ ಹೇಳಿದೆ. ನಮ್ಮ ಫಿಲ್ಟರಿನ ಮೆಂಬ್ರೇನ್ ಪ್ಲಾಸ್ಟಿಕ್ಕು, ಈರುಳ್ಳಿ ಸಿಪ್ಪೆಯಷ್ಟು ತೆಳು, ಕಣ್ಣಿಗೆ ಕಾಣದ ತೂತು. ಕೊಳೆ ಹಿಡಿಯುತ್ತೆ, ಕ್ರಿಮಿ ಹಿಡಿಯುತ್ತೆ, ಆದರೆ ನೀರು ಕಂಡರೆ ಆಗಲ್ಲ. ಕೆಸುವಿನ ಎಲೆ ಮೇಲಿನ ಹಾಗೆ ನೀರು ಉರುಳಿಹೋಗುತ್ತೆ. ಪಂಪ್ ಇಟ್ಟು ನೂಕಿದರೆ ಮಾತ್ರ ಒಳಗೆ ಹೋಗೋದು. ಪಂಪ್ ಇಲ್ಲದವರ ಮನೆಯಲ್ಲೂ ನೀರು ತಾನಾಗೇ ಇಳೀಬೇಕು ಅಂದ್ರೆ ಮೇಲೆ ಒಂದು ಲೇಪ ಹಚ್ಚಬೇಕು, ನೀರಿನ ಜೊತೆ ಸ್ನೇಹ ಮಾಡಿಸೋ ಲೇಪ. ಆ ಪುಡಿ ಇರೋದು ಅದಕ್ಕೇ.

ಅತ್ತೆ ಕೇಳಿಸಿಕೊಂಡು ತಲೆಯಾಡಿಸಿದರು. "ನೀರು ಕಂಡರಾಗದ ಫಿಲ್ಟರು, ಅಡುಗೆಮನೆ ಕಂಡರಾಗದ ಸೊಸೆ. ಜೋಡಿ ಚೆನ್ನಾಗಿದೆ ಬಿಡು."

ನಮ್ಮನೆಯವರು ನಗು ತಡೆಯಲು ಪೇಪರ್ ಅಡ್ಡ ಹಿಡಿದರು. ಪೇಪರ್ ಅಲ್ಲಾಡುತ್ತಿತ್ತು.

ಮಾರ್ಚ್ 5, ಬುಧವಾರ

ಹದಿನಾರರ ಫಲ: 88, 91, 86.

ನೀರಲ್ಲಿ ಹೋಮ. ಲೇಪವಿಲ್ಲದ ಮೆಂಬ್ರೇನ್ ಮೇಲೆ ಹನಿಯ ಕೋನ 120. ನನಗೆ ಬೇಕಾದ್ದು 40ರ ಕೆಳಗೆ. ಒಂಬತ್ತು ತಿಂಗಳಿಂದ ಎಂಬತ್ತರ ಆಸುಪಾಸಿನಲ್ಲೇ ಗಿರಕಿ.

ಕೋನ ಅಳೆದುಕೊಡುವ ಅಳತೆಯವರ ಕೋಣೆಯಲ್ಲಿ ನಿಲ್ಲುವುದೇ ಒಂದು ಶಿಕ್ಷೆ. ಮೂವತ್ತೊಂದು ವರ್ಷದಿಂದ ಅದೇ ಸ್ಟೂಲು, ಅದೇ ಯಂತ್ರ. ಮೊದಲು ಲೆನ್ಸ್ ಒರೆಸುತ್ತಾರೆ. ಆಮೇಲೆ ಕನ್ನಡಕ ಒರೆಸುತ್ತಾರೆ. ಆಮೇಲೆ ಇನ್ನೊಮ್ಮೆ ಲೆನ್ಸ್. ಸೂಜಿಯಿಂದ ಒಂದೇ ಒಂದು ಹನಿ ಬಿಟ್ಟು, ಪಕ್ಕದ ಕ್ಯಾಮೆರಾದಲ್ಲಿ ನೋಡುತ್ತ ಹತ್ತು ಎಣಿಸುತ್ತಾರೆ — ಬಾಯಿಬಿಟ್ಟು, ಜೋರಾಗಿ. ಹನಿ ಉಬ್ಬಿ ಕೂತರೆ ಕೋನ ದೊಡ್ಡದು, ನಾನು ಸೋತೆ. ಚಪ್ಪಟೆಯಾದರೆ ಚಿಕ್ಕದು, ನಾನು ಗೆದ್ದೆ. ಗೆದ್ದಿದ್ದು ಯಾವಾಗ? ಆಮೇಲೆ ಪೆನ್ಸಿಲ್ ಚೂಪು ಮಾಡಿ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕಂಪ್ಯೂಟರ್ ಪಕ್ಕದಲ್ಲೇ ಇದೆ. ಪೆನ್ಸಿಲ್ಲೇ ಬೇಕು.

"ಸ್ವಲ್ಪ ಬೇಗ ಆಗಲ್ವಾ?" ಅಂದೆ.

"ಹನಿಗೆ ಅವಸರ ಇಲ್ಲ ಮೇಡಂ" ಅಂದರು.

ಏಪ್ರಿಲ್ ಕೊನೆಗೆ ನಿವೃತ್ತಿ. ಆಮೇಲೂ ಎರಡು ವರ್ಷ ಎಕ್ಸ್‌ಟೆನ್ಷನ್ ಕೊಡುತ್ತಾರಂತೆ, ಹೊಸಬರಿಗೆ ಕಲಿಸಲು. ಇನ್ನೆರಡು ವರ್ಷ ಈ ಎಣಿಕೆ. ನನ್ನ ಹಣೆಬರಹ.

ಮಾರ್ಚ್ 11, ಮಂಗಳವಾರ. ಮಧ್ಯಾಹ್ನ 12.20

ಹದಿನೆಂಟನ್ನು ಇಡುತ್ತಿದ್ದೆ. ಎ ಇಟ್ಟೆ, ಬಿ ಇಟ್ಟೆ, ಫೋನು. ಅತ್ತೆ. ಟಿವಿ ರಿಮೋಟ್ ಕಾಣುತ್ತಿಲ್ಲ. ಭುಜ-ಕಿವಿಯ ನಡುವೆ ಫೋನು, ಕೈಯಲ್ಲಿ ಚಿಮಟ. "ಸೋಫಾ ಕೆಳಗೆ ನೋಡಿ... ದಿಂಬಿನ ಹಿಂದೆ ನೋಡಿ... ಅತ್ತೆ, ನಾನಿಲ್ಲಿ ರಿಮೋಟ್ ಹಿಡ್ಕೊಂಡು ಬಂದಿಲ್ಲ!" ಅಷ್ಟರಲ್ಲಿ ನಮ್ಮ ವಿಭಾಗದ ದೊಡ್ಡವರು ಬಾಗಿಲಲ್ಲಿ — ತಿಂಗಳ ರಿಪೋರ್ಟ್ ಎಲ್ಲಿ? ಹೇಗೋ ಸಿ ಇಟ್ಟೆ, ಡಬ್ಬಿ ಮುಚ್ಚಿದೆ.

ರಿಮೋಟ್ ಅತ್ತೆಯ ಕನ್ನಡಕದ ಚೀಲದಲ್ಲಿ ಸಿಕ್ಕಿತಂತೆ. ಸಂಜೆ ಹೇಳಿದರು, ತಪ್ಪು ಚೀಲದ್ದೇ ಅನ್ನುವ ಧಾಟಿಯಲ್ಲಿ.

ಮಾರ್ಚ್ 13, ಗುರುವಾರ. 10.40

ಬಂತು!!

18-ಎ 84. 18-ಬಿ 87. 18-ಸಿ... ಹನಿ ಕೂತದ್ದೇ ಇಲ್ಲ. ಮುಟ್ಟಿತು, ಮಾಯ. ಒಂದು ಸೆಕೆಂಡೂ ಇಲ್ಲ. ಅಳತೆಯವರು "ಒಂದು" ಅನ್ನುವಷ್ಟರಲ್ಲಿ ಕುಡಿದುಬಿಟ್ಟಿತು. ಎರಡನೆಯ ಹನಿ, ಅದೂ ಹಾಗೇ. ಕುಣಿಯುವುದೊಂದು ಬಾಕಿ.

ಅಳತೆಯವರು ಮಾತ್ರ ಕನ್ನಡಕ ತೆಗೆದು ಒರೆಸುತ್ತ ಕೂತರು. "ಮೇಡಂ, ಇದೇ ಥರ ಇನ್ನೊಂದು ಪೀಸ್ ಇದ್ರೆ ಕೊಡ್ತೀರಾ? ಎ, ಬಿ ಹಾಗಿವೆ, ಸಿ ಹೀಗಿದೆ. ಒಂದೇ ನೀರು, ಒಂದೇ ದಿನ..."

"ಕಿಟಕಿ ಪಕ್ಕ ಇದ್ದದ್ದು ಸಿ. ಬಿಸಿಲು ತಾಗಿದೆ. ಬರ್ಕೊಳ್ಳಿ, ಸೊನ್ನೆ."

"ಸೊನ್ನೆ ಹೇಗೆ ಬರೀಲಿ? ಕೋನ ಅಳೆಯೋಕೆ ಹನಿ ನಿಲ್ಲಬೇಕಲ್ಲ."

ಕೊನೆಗೆ ಏನು ಬರೆದರು ಗೊತ್ತಾ? "18-ಸಿ: ಹನಿ ನಿಲ್ಲಲಿಲ್ಲ. ಅಳೆಯಲಾಗಲಿಲ್ಲ." ಒಂಬತ್ತು ತಿಂಗಳ ಬಸಿರಿಗೆ ಇವರು ಇಟ್ಟ ಹೆಸರು ಇದು! ಮೈಯೆಲ್ಲ ಉರಿಯಿತು. ರಿಪೋರ್ಟಿನಲ್ಲಿ ನಾನೇ ಟೈಪ್ ಮಾಡಿದೆ: 0°.

ಮಾರ್ಚ್ 14, ಶುಕ್ರವಾರ

ದೊಡ್ಡವರು ಖುದ್ದಾಗಿ ಬಂದರು. ಡ್ರಾಪರಿನಿಂದ ತಾವೇ ಒಂದು ಹನಿ ಹಾಕಿದರು. ಇನ್ನೊಂದು. ಇನ್ನೊಂದು. ಮಕ್ಕಳಿಗೆ ಪೀಪಿ ಸಿಕ್ಕ ಹಾಗೆ. "ಸೂಪರ್! ಇದನ್ನ ನನ್ನ ಟೇಬಲ್ ಮೇಲೆ ಇಡ್ತೀನಿ, ಬಂದವರಿಗೆಲ್ಲ ತೋರಿಸ್ಬೇಕು."

"ಒಂದೇ ಇದೆ ಸಾರ್, ನೀರಿಳಿಸೋ ಪರೀಕ್ಷೆ ಮಾಡ್ಬೇಕು..."

"ಇನ್ನೊಂದು ಮಾಡಿ. ಮಾಡೋದು ಗೊತ್ತಾಯ್ತಲ್ಲ."

ಸಂಜೆಯೊಳಗೆ ರಿಪೋರ್ಟ್ ಮೇಲಿನ ಆಫೀಸಿಗೆ ಹೋಯಿತು. ಪ್ರಾಯೋಗಿಕವಾಗಿ ಫಿಲ್ಟರ್ ತಯಾರಿಸುವ ಲೈನ್ ಶುರುವಾದರೆ ಅದರ ಉಸ್ತುವಾರಿ ನನಗೇ ಅಂದರು. ಮನೆಗೆ ಸಿಹಿ ಒಯ್ದೆ. ಅತ್ತೆ ಎರಡು ತಿಂದು, "ಸಕ್ಕರೆ ಜಾಸ್ತಿ" ಅಂದು ಮೂರನೆಯದಕ್ಕೆ ಕೈಹಾಕಿದರು.

ಮಾರ್ಚ್ 26, ಬುಧವಾರ

ಬರೆಯಲು ಮನಸ್ಸಿರಲಿಲ್ಲ.

ಹತ್ತೊಂಬತ್ತು: 85, 88, 84. ಇಪ್ಪತ್ತು: 90, 86, 86. ಇಪ್ಪತ್ತೊಂದು: ಅದೇ ಅದೇ ಅದೇ.

ಶೇಕರನ್ನೇ ಕಿಟಕಿಗೆ ತಳ್ಳಿದೆ. ಇಬ್ಬರು ಸೇರಿ ತಳ್ಳಬೇಕಾದದ್ದನ್ನು ಒಬ್ಬಳೇ ತಳ್ಳಿ ಸೊಂಟ ಹಿಡಿಯಿತು. ಪರದೆ ತೆಗೆದೆ, ಹಾಕಿದೆ, ಅರ್ಧ ತೆಗೆದೆ. ತಟ್ಟೆಯ ಕೆಳಗೆ ಥರ್ಮಾಮೀಟರ್. ಸಿ ಇದ್ದ ಜಾಗಕ್ಕೆ ಟೇಪಿನಿಂದ ಗುರುತು ಹಾಕಿದ್ದೇನೆ. ಮೂರು ತಟ್ಟೆಯನ್ನೂ ಸರದಿಯಲ್ಲಿ ಆ ಗುರುತಿನ ಮೇಲೆ ಕೂರಿಸುತ್ತೇನೆ. ನಾಚಿಕೆಯಿಲ್ಲದೆ ಎಂಬತ್ತೈದೇ ಕೊಡುತ್ತಿವೆ.

ದೊಡ್ಡವರು ದಿನಾ ಕೇಳುತ್ತಾರೆ. ಮೇಲಿನಿಂದ ದಿನಾ ಫೋನ್. "ಒಂದು ಮಾಡಿದವರಿಗೆ ಇನ್ನೊಂದು ಮಾಡೋಕೆ ಏನು ಕಷ್ಟ?"

ಮಾರ್ಚ್ 28, ಶುಕ್ರವಾರ

ಇವತ್ತು ಅಳತೆಯವರ ಜೊತೆ ಜಗಳ. ಜಗಳ ಅನ್ನುವುದೂ ತಪ್ಪು. ಕೂಗಿದ್ದು ನಾನೊಬ್ಬಳೇ.

"ನಿಮ್ಮ ಯಂತ್ರ ಸರಿಯಿಲ್ಲ. ಅವತ್ತು ಸೊನ್ನೆ, ಆಮೇಲೆ ಒಂದೂ ಇಲ್ಲ ಅಂದ್ರೆ ಏನರ್ಥ?"

ಅವರು ಕಪಾಟಿನಿಂದ ಗುರುತಿನ ತುಂಡುಗಳನ್ನು ತೆಗೆದರು. ಒಂದು ಗಾಜು, ಒಂದು ಟೆಫ್ಲಾನ್. ಎರಡರ ಕೋನವೂ ಮೊದಲೇ ಗೊತ್ತಿರುವಂಥದ್ದು. ಲೆನ್ಸ್ ಒರೆಸಿದರು, ಕನ್ನಡಕ ಒರೆಸಿದರು, ಲೆನ್ಸ್ ಒರೆಸಿದರು. ಹನಿ. ಒಂದು, ಎರಡು, ಮೂರು... ಎರಡೂ ಕರಾರುವಾಕ್ಕು.

"ನಿಮ್ಮ ಗುರುತಿನ ತುಂಡುಗಳೂ ಹಳೇವು" ಅಂದೆ.

"ಗಾಜಿಗೆ ವಯಸ್ಸಾಗಲ್ಲ ಮೇಡಂ."

ಬಾಗಿಲು ಧಡಾರನೆ ಎಳೆದು ಬಂದೆ. ಇಲ್ಲಿನ ಬಾಗಿಲುಗಳೆಲ್ಲ ನಿಧಾನವಾಗಿ ಮುಚ್ಚುವ ಜಾತಿ. ಕೋಪಕ್ಕೂ ಬೆಲೆ ಇಲ್ಲ.

ಏಪ್ರಿಲ್ 2, ಬುಧವಾರ

ಇಪ್ಪತ್ತಮೂರು: 86, 85, 89.

ಮೇಲ್ ಕಳಿಸಿದೆ. ದೊಡ್ಡವರಿಗೆ, ಒಂದು ಪ್ರತಿ ಮೇಲಿನ ಆಫೀಸಿಗೆ. "ಅಳತೆಯಲ್ಲಿ ಸತತ ಏರುಪೇರು ಕಂಡುಬಂದಿದೆ. ನಿರ್ವಹಿಸುವವರ ವಯಸ್ಸು ಮತ್ತು ಗಮನವನ್ನು ಪರಿಗಣಿಸಬೇಕಾಗಿ ವಿನಂತಿ." ಕಳಿಸುವ ಮುಂಚೆ "ವಯಸ್ಸು" ತೆಗೆದೆ. ಆಮೇಲೆ ವಾಪಸ್ ಹಾಕಿದೆ.

ಮನೆಯಲ್ಲಿ ಹೇಳಿದೆ, ಯಾರಾದರೂ ಹೌದು ಅನ್ನಲಿ ಅಂತ. ನಮ್ಮನೆಯವರು "ಹೂಂ" ಅಂದರು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ, ಇಪ್ಪತ್ತು ವರ್ಷದಿಂದ ಅದೇ ಹೂಂ. ಅತ್ತೆ ಬಟ್ಟೆ ಮಡಿಸುತ್ತಿದ್ದವರು ತಲೆಯೆತ್ತಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದರು.

"ಅತ್ತೆ, ನಿಮಗೆ ಏನು ಗೊತ್ತು ಇದರ ಬಗ್ಗೆ?"

"ನಿನ್ನ ಫಿಲ್ಟರ್ ಬಗ್ಗೆ ಗೊತ್ತಿಲ್ಲಮ್ಮ. ಕುಣಿಯೋರ ಬಗ್ಗೆ ಗೊತ್ತು."

ಊಟ ಮಾಡದೆ ಮಲಗಿದೆ. ಯಾರೂ ಎಬ್ಬಿಸಲಿಲ್ಲ. ಅದಕ್ಕೂ ಸಿಟ್ಟು.

ಏಪ್ರಿಲ್ 4, ಶುಕ್ರವಾರ

ಇಷ್ಟು ಬೇಗ ಆಗುತ್ತದೆ ಅಂದುಕೊಂಡಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಕೇಳಿದ ಹೊಸ ಶೇಕರಿಗೆ ಇನ್ನೂ ಉತ್ತರವಿಲ್ಲ. ಇದಕ್ಕೆ ಎರಡೇ ದಿನ.

ಅಳತೆಯವರನ್ನು ಸ್ಟೋರಿಗೆ ಹಾಕಿದ್ದಾರೆ, ನಿವೃತ್ತಿಯವರೆಗೆ. ಎಕ್ಸ್‌ಟೆನ್ಷನ್ ಇಲ್ಲ. ಸರ್ವಿಸ್ ಪುಸ್ತಕದಲ್ಲಿ ಒಂದು ಸಾಲು ಬರೆದರಂತೆ — "ಅಳತೆಯಲ್ಲಿ ಅಜಾಗರೂಕತೆ." ಮೂವತ್ತೊಂದು ವರ್ಷದಲ್ಲಿ ಮೊದಲ ಸಾಲು.

ಮೂರು ಗಂಟೆಗೆ ಬಂದರು. ಕೈಯಲ್ಲಿ ಬೀಗದ ಕೈ. "ಯಂತ್ರದ ಕೋಣೇದು. ನಿಮ್ಮ ಹತ್ರ ಇರಲಿ ಅಂದ್ರು. ಸೂಜಿ ಮಾತ್ರ ದಿನಾ ತೊಳೀರಿ ಮೇಡಂ, ಇಲ್ಲದಿದ್ರೆ ಕಟ್ಕೊಳ್ಳುತ್ತೆ." ಮುಖದಲ್ಲಿ ಏನೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯಬಹುದು.

ಏಪ್ರಿಲ್ 9, ಬುಧವಾರ

ಈಗ ಯಂತ್ರವೂ ನನ್ನದು, ಕೈಯೂ ನನ್ನದು, ಕಣ್ಣೂ ನನ್ನದು.

ಇಪ್ಪತ್ತೈದು: 86, 84, 87.

ಲೆನ್ಸ್ ಒರೆಸಿದೆ. ಕನ್ನಡಕ ಒರೆಸಿದೆ. ಇನ್ನೊಮ್ಮೆ ಲೆನ್ಸ್ ಒರೆಸಿ, ಹತ್ತು ಎಣಿಸಿ — 86, 84, 87. ಬೈಯಲು ಕೋಣೆಯಲ್ಲಿ ಯಾರೂ ಇಲ್ಲ. ಸ್ಟೂಲಿನ ಮೇಲೆ ತೆಳ್ಳನೆಯ ದಿಂಬೊಂದು ಬಿಟ್ಟುಹೋಗಿದ್ದಾರೆ. ಅದರ ಮೇಲೆ ಕೂತಿದ್ದೆ.

ಏಪ್ರಿಲ್ 15, ಮಂಗಳವಾರ. ಬೆಳಿಗ್ಗೆ 11.30

ಒಂದೊಂದಾಗಿ ಬರೆಯಬೇಕು.

ಹತ್ತು ಗಂಟೆಗೆ ದೊಡ್ಡವರ ರೂಮಿಗೆ ಕರೆ. ಯಾರೋ ಇಬ್ಬರು ಕೋಟು ಹಾಕಿದವರು. ದೊಡ್ಡವರು 18-ಸಿ ಇಟ್ಟ ಗಾಜಿನ ತಟ್ಟೆ ಎಳೆದು, ಡ್ರಾಪರ್ ಎತ್ತಿ, "ನೋಡಿ, ಮ್ಯಾಜಿಕ್!" ಹನಿ ಮಾಯ. ಅವರು ಆಹಾ ಅಂದರು. ನಾನು ತಟ್ಟೆಯನ್ನು ನೋಡಿದೆ, ಒಂದು ತಿಂಗಳ ನಂತರ ಮೊದಲ ಸಲ, ಹತ್ತಿರದಿಂದ.

ಹನಿ ಬಿದ್ದು ಬಿದ್ದು ನಡುವೆ ಜೂಲು ಎದ್ದಿತ್ತು. ಸಣ್ಣ ಸಣ್ಣ ಎಳೆ. ಪುಸ್ತಕದ ಹಾಳೆ ನೆನೆದು ಒಣಗಿದರೆ ಏಳುತ್ತದಲ್ಲ, ಹಾಗೆ.

ಪ್ಲಾಸ್ಟಿಕ್ಕಿಗೆ ಜೂಲು ಏಳುವುದಿಲ್ಲ.

ಕೋಟಿನವರನ್ನು ದೊಡ್ಡವರು ಬಾಗಿಲವರೆಗೆ ಬಿಡಲು ಹೋದಾಗ ಚಿಮಟದಿಂದ ಅಂಚು ಹಿಡಿದು ಒಂದಿಷ್ಟು ಹರಿದೆ. ಸರ್ರನೆ, ಎಳೆಎಳೆಯಾಗಿ ಹರಿಯಿತು. ಮೆಂಬ್ರೇನ್ ಹಾಗೆ ಹರಿಯುವುದಿಲ್ಲ. ಹಿಗ್ಗುತ್ತದೆ, ಆಮೇಲೆ ಕತ್ತರಿಸಿದಂತೆ ನೇರ ಬಿಡುತ್ತದೆ.

ಓಡಿಬಂದು ಡಬ್ಬಿ ಎಣಿಸಿದೆ. ಹದಿನಾರರಿಂದ ಇಪ್ಪತ್ತೇಳರವರೆಗೆ ಹನ್ನೆರಡು ಬ್ಯಾಚ್, ಮೂವತ್ತಾರು ಮೆಂಬ್ರೇನ್. ಅರವತ್ತನಾಲ್ಕು ಉಳಿಯಬೇಕು.

ಅರವತ್ತೈದು ಇವೆ. ಮೂರು ಸಲ ಎಣಿಸಿದೆ. ಅರವತ್ತೈದು.

ಒಂದು ಮೆಂಬ್ರೇನನ್ನು ನಾನು ತೆಗೆದೇ ಇಲ್ಲ. ಅದರ ಬದಲು ನಡುವಿನ ಬಿಳಿ ಕಾಗದ ತೆಗೆದು ತಟ್ಟೆಗೆ ಇಟ್ಟಿದ್ದೇನೆ. ಮರುದಿನಕ್ಕೆ ಅದೂ ಕಪ್ಪು, ಇದೂ ಕಪ್ಪು. ಕಾಗದ ನೀರು ಕುಡಿಯಿತು. ಕುಡಿಯದೆ ಇನ್ನೇನು? ಕಾಗದ ನೀರು ಕುಡಿಯುತ್ತದೆ ಅಂತ ಒಂಬತ್ತು ತಿಂಗಳು ಸಂಶೋಧನೆ ಮಾಡಿ ಕಂಡುಹಿಡಿದವಳು ನಾನು. ಅದಕ್ಕೆ ಸಿಹಿ ಹಂಚಿದವಳು ನಾನು.

ಅದೇ ದಿನ, ಸಂಜೆ 5

ನಕ್ಕೆ. ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕೆ. ಆಮೇಲೆ ಅಳತೆಯವರ ನೆನಪಾಯಿತು. ನಗು ಅಲ್ಲೇ ನಿಂತಿತು.

"ಇನ್ನೊಂದು ಪೀಸ್ ಕೊಡ್ತೀರಾ" ಅಂದಿದ್ದರು. ಇನ್ನೊಂದು ಮಾಡಿ ಕೊಟ್ಟಿದ್ದರೆ ರಿಪೋರ್ಟ್ ಹೋಗುವ ಮುಂಚೆಯೇ ಗೊತ್ತಾಗುತ್ತಿತ್ತು. ಅವರು ಬರೆದ ಸಾಲಿನಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಸೊನ್ನೆ ಸುಳ್ಳು. ಅವರನ್ನು ಅಜಾಗರೂಕರು ಅನ್ನಿಸಿದ್ದು ನಾನು, ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೆಲಸ ಮಾಡಿದವಳು.

ಯಾರಿಗೂ ಗೊತ್ತಿಲ್ಲ. "18-ಸಿ ಮತ್ತೆ ಸಾಧ್ಯವಾಗಲಿಲ್ಲ" ಅಂತ ಬರೆದು ಮುಗಿಸಬಹುದು. ಇಂಥ ಸಾಲುಗಳು ಎಲ್ಲರ ರಿಪೋರ್ಟಿನಲ್ಲೂ ಇರುತ್ತವೆ. ಯಾರೂ ಕೇಳುವುದಿಲ್ಲ. ಅವರಿಗೆ ಹೇಗೂ ಇನ್ನು ಹದಿನೈದು ದಿನ...

ಇದನ್ನು ಬರೆದ ಕೈಯನ್ನು ನೋಡಿ ಅಸಹ್ಯವಾಯಿತು. ಆದರೂ ಹೊಡೆದುಹಾಕುವುದಿಲ್ಲ. ಇರಲಿ.

ಏಪ್ರಿಲ್ 22, ಮಂಗಳವಾರ

ಒಂದು ವಾರ. ದಿನಾ ದೊಡ್ಡವರ ಬಾಗಿಲವರೆಗೆ ಹೋಗಿ ನೀರು ಕುಡಿಯಲು ಬಂದವಳಂತೆ ವಾಪಸಾದೆ. ವಾರದಲ್ಲಿ ಕುಡಿದಷ್ಟು ನೀರು ಯಾವ ಮೆಂಬ್ರೇನೂ ಕುಡಿದಿಲ್ಲ.

ಇವತ್ತು ಹೇಳಿಬಿಟ್ಟೆ. ಡಬ್ಬಿ ತೋರಿಸಿದೆ, ಕಾಗದ ತೋರಿಸಿದೆ, ಹರಿದ ಅಂಚು ತೋರಿಸಿದೆ. ದೊಡ್ಡವರು ತುಂಬ ಹೊತ್ತು 18-ಸಿಯನ್ನೇ ನೋಡಿದರು. ಎಷ್ಟು ಜನರಿಗೆ ಮ್ಯಾಜಿಕ್ ತೋರಿಸಿದ್ದರೋ, ಲೆಕ್ಕ ಹಾಕುತ್ತಿದ್ದರು ಅನ್ನಿಸುತ್ತದೆ.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ ಸಾರ್."

"ಒಳ್ಳೇದು. ಹೇಳ್ಬೇಡಿ. ಮೇಲಿನವರಿಗೆ ಕಾಗದ ಅಂತ ಹೇಳಿದ್ರೆ ನಿಮ್ಮ ಕೋಣೆ ಇರಲ್ಲ, ನನ್ನ ಕುರ್ಚೀನೂ ಇರಲ್ಲ. ಅಳತೆ ತಪ್ಪಾಗಿತ್ತು ಅಂತ ಬರೀರಿ, ಸಾಕು. ನೀವೇ ಮೇಲ್ ಕಳಿಸಿದ್ದೀರಲ್ಲ, ಅದಕ್ಕೆ ಸರಿಹೋಗುತ್ತೆ."

"ಅಳತೆ ಸರಿ ಇತ್ತು."

"ಮೇಡಂ. ಅವರು ಹೋಗೋರು. ಹೋಗೋರ ಹೆಗಲ ಮೇಲೆ ಇನ್ನೊಂದು ಮಾತು ಬಿದ್ರೆ ಏನಾಗುತ್ತೆ? ನೀವು ಇರೋರು. ಸ್ವಲ್ಪ ಪ್ರಾಕ್ಟಿಕಲ್ ಆಗಿ."

ಡಬ್ಬಿ ಎತ್ತಿಕೊಂಡು ಬಂದೆ. ಆಗಲ್ಲ ಅನ್ನಬೇಕಿತ್ತು. ಬರುವಾಗ ಥ್ಯಾಂಕ್ಸ್ ಬೇರೆ ಹೇಳಿಬಂದೆ! ಯಾತಕ್ಕೆ?

ಏಪ್ರಿಲ್ 25, ಶುಕ್ರವಾರ

ದೊಡ್ಡವರು ಟೈಪ್ ಮಾಡಿಸಿದ ಹಾಳೆ ನನ್ನ ಮೇಜಿನ ಮೇಲೆ. "18-ಸಿಯ ಫಲಿತಾಂಶ ಅಳತೆಯ ದೋಷದಿಂದ ಉಂಟಾದದ್ದು." ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಸೋಮವಾರದೊಳಗೆ ಬೇಕಂತೆ.

ಇಷ್ಟು ತಿಂಗಳ ಕೆಲಸ ಪೂರ್ತಿ ಸುಳ್ಳಲ್ಲ. 120 ಇದ್ದದ್ದು 85ಕ್ಕೆ ಇಳಿದಿದೆ. ಲೇಪ ಹಿಡಿಯುತ್ತದೆ, ಉಜ್ಜಿದರೂ ಹೋಗುವುದಿಲ್ಲ. ಇನ್ನೊಂದು ವರ್ಷ ಕೊಟ್ಟರೆ 40 ಆದೀತು. ಕೊಡುತ್ತಾರಾ? ಸಹಿ ಹಾಕಿದರೆ ಕೊಡುತ್ತಾರೆ. ಹಾಕದಿದ್ದರೆ ಕೋಣೆಗೆ ಬೀಗ. ಆ ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ನನಗೆ ಇಷ್ಟು ಮಮತೆ ಇದೆಯೆಂದು ಇವತ್ತೇ ಗೊತ್ತಾದದ್ದು. ಹಾಳಾದ್ದು.

ರಾತ್ರಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಅತ್ತೆ ಗಾದೆ ಹೇಳುತ್ತಾರೆ, ಬೈಸಿಕೊಳ್ಳೋಣ ಅಂತ ಕಾದೆ. ಹೇಳಲಿಲ್ಲ. "ಆ ರಿಮೋಟ್ ಹುಡುಕಿಸದೇ ಇದ್ದಿದ್ರೆ..." ಅಂದರು, ಅರ್ಧಕ್ಕೇ ನಿಲ್ಲಿಸಿದರು. ಅವರ ಕಣ್ಣು ತೇವವಾದದ್ದನ್ನು ನಾನು ನೋಡಿದ್ದು ಇದು ಎರಡನೆಯ ಸಲ.

"ತಪ್ಪು ನಿಮ್ಮದಲ್ಲ ಅತ್ತೆ. ಫೋನ್ ಇಡಿ ಅನ್ನೋಕೆ ನನಗೆ ಬಾಯಿತ್ತು."

ನಮ್ಮನೆಯವರು ಹೂಂ ಅನ್ನಲಿಲ್ಲ. "ಕೆಲಸ ಹೋದ್ರೆ ಹೋಗ್ಲಿ" ಅಂದರು. ಇಪ್ಪತ್ತು ವರ್ಷಕ್ಕೆ ಒಂದು ಪೂರ್ತಿ ವಾಕ್ಯ.

ಏಪ್ರಿಲ್ 28, ಸೋಮವಾರ

ಸಹಿ ಹಾಕಿಲ್ಲ. ದೊಡ್ಡವರು ಆಳು ಕಳಿಸಿ ಎರಡು ಸಲ ಕೇಳಿದರು. "ಓದ್ತಾ ಇದ್ದೀನಿ" ಅಂದೆ. ಇರುವುದು ಒಂದೂವರೆ ಸಾಲು.

ಸ್ಟೋರಿಗೆ ಹೋದೆ. ನೆಲಮಾಳಿಗೆ, ಒಂದು ಟ್ಯೂಬ್‌ಲೈಟು, ಅದೂ ಮಿಣಮಿಣ. ಅಳತೆಯವರು ರಟ್ಟಿನ ಪೆಟ್ಟಿಗೆಗಳ ಮೇಲೆ ಪೆನ್ಸಿಲಿನಲ್ಲಿ ಒಳಗೇನಿದೆಯೆಂದು ಬರೆಯುತ್ತಿದ್ದರು. ಕೆಳಗೆ ಒಂದು ಪೆಟ್ಟಿಗೆ ಸರಿಸಿ ಕೂರಲು ಜಾಗ ಮಾಡಿದರು. ನಾನು ನಿಂತೇ ಹೇಳಿದೆ. ಕಾಗದ, ಫೋನು, ಜೂಲು, ಎಲ್ಲ.

ಕೇಳಿ ಮುಗಿಸಿ ಅವರು ಕೇಳಿದ್ದು ಒಂದೇ. "ಡಬ್ಬೀಲಿ ಎಷ್ಟು ಉಳಿದಿತ್ತು?"

"ಅರವತ್ತೈದು."

ಮನಸ್ಸಿನಲ್ಲೇ ಕಳೆದರು. "ಒಂದು ಹೆಚ್ಚು. ಸರಿ." ಲೆಕ್ಕ ಕೂಡಿಬಂದದ್ದಕ್ಕೆ ಮುಖದಲ್ಲಿ ಏನೋ ಒಂದು ನೆಮ್ಮದಿ. ಇಂಥ ಮನುಷ್ಯನನ್ನು ಅಜಾಗರೂಕ ಅಂದಿದ್ದೇವೆ.

"ಕ್ಷಮಿಸಿ" ಅಂದೆ. ಇನ್ನೊಮ್ಮೆ ಅಂದೆ.

ಅವರು ಪೆನ್ಸಿಲಿನ ಮೊನೆ ನೋಡುತ್ತ ಕೂತರು. "ನನಗೆ ಯಾಕೆ ಹೇಳ್ತೀರಿ ಮೇಡಂ? ನನ್ನ ಅಳತೆ ಸರಿ ಇತ್ತು ಅಂತ ನನಗೆ ಗೊತ್ತು. ಗೊತ್ತಿಲ್ಲದೋರಿಗೆ ಹೇಳಿ." ಪೆನ್ಸಿಲ್ ಚೂಪು ಮಾಡುತ್ತ, "ಮನೇಲಿ ಹೇಗಾಗಿದೆ ಗೊತ್ತಾ? ಸಾರಿಗೆ ಉಪ್ಪು ಹೆಚ್ಚಾಯ್ತು ಅಂದ್ರೆ, ನಿಮ್ಮ ನಾಲಿಗೆ ಸರಿ ಇದೆಯಾ ಅಂತಾಳೆ ನನ್ನ ಹೆಂಡತಿ. ತಮಾಷೆಗೆ ಅಲ್ಲ. ನಿಜವಾಗ್ಲೂ ಭಯ ಅವಳಿಗೆ. ರಸ್ತೆ ದಾಟುವಾಗ ಕೈ ಹಿಡ್ಕೋತಾಳೆ. ಮಗಳು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ಲು. ಕಣ್ಣು ಚೆನ್ನಾಗಿದೆ ಅಂದ್ರೂ ನಂಬಲ್ಲ."

ಅವರು ಮಾಡಿಕೊಟ್ಟ ಜಾಗದಲ್ಲಿ ಕೂತೆ.

"ಬುಧವಾರ ಬೀಳ್ಕೊಡುಗೆಗೆ ಇಬ್ಬರೂ ಬರ್ತಾರೆ" ಅಂದರು. "ಬರ್ಬೇಡಿ ಅಂದೆ. ಕೇಳಲಿಲ್ಲ."

ಏಪ್ರಿಲ್ 29, ಮಂಗಳವಾರ

ದೊಡ್ಡವರೇ ಕೋಣೆಗೆ ಬಂದರು. ಹಾಳೆ ಎಲ್ಲಿ? ಕೊಡಲ್ಲ ಸಾರ್, ಅಂದೆ. ಇಷ್ಟು ಸುಲಭ ಅಂತ ಗೊತ್ತಿದ್ದರೆ ವಾರವೆಲ್ಲ ನೀರು ಕುಡಿಯುತ್ತಿರಲಿಲ್ಲ. "ಯೋಚನೆ ಮಾಡಿ, ನಾಳೆ ಸಂಜೆವರೆಗೆ ಟೈಮ್ ಇದೆ" ಅಂದರು. ನಿಧಾನವಾಗಿ ಮುಚ್ಚುವ ಬಾಗಿಲನ್ನು ಅವರೂ ಧಡಾರನೆ ಎಳೆಯಲು ನೋಡಿದರು. ನನಗೆ ನಗು ಬಂತು.

ನಾಳೆ ಬೀಳ್ಕೊಡುಗೆಯಲ್ಲಿ ವಿಭಾಗದ ಪರವಾಗಿ ಎರಡು ಮಾತು ಆಡುವವರ ಪಟ್ಟಿಯಲ್ಲಿ ನನ್ನ ಹೆಸರಿದೆ. ವಾರದ ಹಿಂದೆ ಅಚ್ಚಾದ ಪಟ್ಟಿ. ತೆಗೆಯಲು ಮರೆತಿದ್ದಾರೆ.

ಮೇಲಿನ ಆಫೀಸಿಗೆ ಮೇಲ್ ಬರೆದಿದ್ದೇನೆ. ಕಾಗದ ಅಂತಲೇ ಬರೆದಿದ್ದೇನೆ. ಸರ್ವಿಸ್ ಪುಸ್ತಕದ ಸಾಲು ಅಳಿಸಬೇಕೆಂದೂ. ಇನ್ನೂ ಕಳಿಸಿಲ್ಲ. ಅವರಿಗಿಂತ ಮೊದಲು ಕೇಳಬೇಕಾದವರು ಬೇರೆ ಇದ್ದಾರೆ.

ಏಪ್ರಿಲ್ 30, ಬುಧವಾರ. 4.10

ಸಭಾಂಗಣದ ಹೊರಗೆ, ಕಾರಿಡಾರಿನ ಬೆಂಚು. ಒಳಗೆ ದೊಡ್ಡವರ ಭಾಷಣ. "ದೀರ್ಘ ಸೇವೆ... ವಯೋಸಹಜ..." ವಯೋಸಹಜ! ಆ ಪದಕ್ಕೆ ಬೀಜ ಹಾಕಿದವಳು ನಾನೇ.

ಬಾಗಿಲ ಗಾಜಿನಿಂದ ಕಾಣುತ್ತಿದೆ. ಮೊದಲ ಸಾಲು. ಅಳತೆಯವರು, ಇಸ್ತ್ರಿ ಮಾಡಿದ ಅಂಗಿ. ಪಕ್ಕದಲ್ಲಿ ಹೆಂಡತಿ, ಅವರ ತೋಳು ಹಿಡಿದು ಕೂತಿದ್ದಾರೆ, ಕೂತಲ್ಲೇ ಬಿದ್ದುಬಿಡುತ್ತಾರೇನೋ ಅನ್ನುವ ಹಾಗೆ. ಮಗಳು ನೆಲ ನೋಡುತ್ತಿದ್ದಾಳೆ.

ಭಾಷಣ ಬರೆದುಕೊಂಡಿದ್ದೆ, ಹರಿದೆ. ಚೆನ್ನಾದ ಮಾತುಗಳೆಲ್ಲ ನನ್ನನ್ನೇ ಚೆನ್ನಾಗಿ ಕಾಣಿಸುತ್ತಿದ್ದವು. ನಾಳೆಯಿಂದ ಕೋಣೆ ಇರುವುದಿಲ್ಲ, ಗೊತ್ತು. ಭಯ ಅದಕ್ಕಲ್ಲ. ಆ ಹೆಂಗಸು ನನ್ನ ಮುಖ ನೋಡುತ್ತಾರಲ್ಲ, ಅದಕ್ಕೆ.

ಚಪ್ಪಾಳೆ. ದೊಡ್ಡವರು ಪಟ್ಟಿ ಓದುತ್ತಿದ್ದಾರೆ. ನನ್ನ ಹೆಸರಿಗೆ ಬಂದು ತಡೆದರು. ಓದಿಬಿಟ್ಟರು.

ಸಭೆಗೆ ಆಮೇಲೆ. ಮೊದಲು ಆ ಹೆಂಗಸಿನ ಕಡೆ ತಿರುಗಿ ಹೇಳಬೇಕು — ಅಮ್ಮಾ, ನಿಮ್ಮ ಮನೆಯವರ ಕಣ್ಣು ಸರಿ ಇದೆ, ತಪ್ಪಿದ್ದು...